ಮರದ ಮೇಲಿನ ಅಂಗಿ ಗುಂಡಿ: ಪುಟಾಣಿ ಸೀತಾಳೆ ಪೋರ್ಪ್ಯಾಕ್ಸ್ ಅನ್ನು ಹುಡುಕುವ, ಗುರುತಿಸುವ, ಉಳಿಸುವ ಬಗೆ

ಏಪ್ರಿಲ್ ಕೊನೆ. ಹೂಮಳೆ ಬಂದು ಹೋಗಿತ್ತು. ಚಿಕ್ಕಮಗಳೂರು ಕಡೆಯ ನೆಂಟರ ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ನಡೆದಿತ್ತು. ಹಲಸಿನ ಮರದಿಂದ ಕಡಿದು ಹಾಕಿದ ಒಂದು ಕೊಂಬೆಯ ಮೇಲೆ ಬಿಳಿ ಬಿಳಿ ಚಪ್ಪಟೆ ಚುಕ್ಕೆಗಳು ಸಾಲಾಗಿ ಅಂಟಿಕೊಂಡಿದ್ದವು. ಕಲ್ಲುಹೂವು ಇರಬೇಕು ಅಂದುಕೊಂಡು ನಾನು ದಾಟಿ ಹೋದೆ. ಆಗಸ್ಟ್‌ನಲ್ಲಿ ಮತ್ತೆ ಹೋದಾಗ ಅದೇ ಕೊಂಬೆ ಬೇಲಿ ಪಕ್ಕ ಬಿದ್ದಿತ್ತು. ಈಗ ಚುಕ್ಕೆಗಳೆಲ್ಲ ಹಸಿರಾಗಿದ್ದವು. ಒಂದೊಂದರ ತಲೆಯ ಮೇಲೂ ಎರಡೆರಡು ಎಲೆ. ಕೆಲವು ಎಲೆಗಳ ನಡುವಿನಿಂದ ಇಟ್ಟಿಗೆ ಬಣ್ಣದ ಸಣ್ಣ ಕೊಳವೆಯೊಂದು ಇಣುಕುತ್ತಿತ್ತು. ಅದು ಹೂವು! ಗಿಡ ಒಂದು ಪುಟಾಣಿ ಸೀತಾಳೆ, ಅಂದರೆ ಆರ್ಕಿಡ್.

ನನ್ನ ಪೆದ್ದುತನಕ್ಕೆ ಒಂದು ಸಮಾಧಾನವಿದೆ. ಈ ಗಿಡಕ್ಕೆ ಮೊದಲು ಹೆಸರಿಟ್ಟ ರಾಬರ್ಟ್ ವೈಟ್ ಅವರಿಗೂ ಇದನ್ನು ನೋಡಿ ಕಲ್ಲುಹೂವೇ ನೆನಪಾಗಿತ್ತು. ವೈಟ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರು, ಸ್ಕಾಟ್‌ಲೆಂಡಿನವರು. ಮದರಾಸಿನಲ್ಲಿದ್ದುಕೊಂಡು ದಕ್ಷಿಣ ಭಾರತದ ಸಾವಿರಾರು ಗಿಡಗಳನ್ನು ದಾಖಲಿಸಿದರು. ಅವರಿಗೆ ಚಿತ್ರ ಬರೆದುಕೊಟ್ಟವರು ರಂಗಯ್ಯ ಮತ್ತು ಗೋವಿಂದು ಎಂಬ ನಮ್ಮವರೇ ಆದ ಕಲಾವಿದರು. 1850ರ ಆಸುಪಾಸಿನಲ್ಲಿ ವೈಟ್ ಈ ಪುಟ್ಟ ಗಿಡಕ್ಕೆ 'ಲೈಕೆನೋರಾ ಜೆರ್ಡೋನಿಯಾನಾ' ಎಂದು ಹೆಸರಿಟ್ಟರು. ಲೈಕೆನ್ ಅಂದರೆ ಕಲ್ಲುಹೂವು. ಜೆರ್ಡೋನಿಯಾನಾ ಎಂಬುದು ಟಿ. ಸಿ. ಜೆರ್ಡನ್ ಅವರ ನೆನಪಿಗೆ. ಹಕ್ಕಿ ನೋಡುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು, ಆಂಧ್ರದ ಜೆರ್ಡನ್ಸ್ ಕೋರ್ಸರ್ ಹಕ್ಕಿಯ ಜೆರ್ಡನ್ ಇವರೇ. ಆಮೇಲೆ 1908ರಲ್ಲಿ ಲಂಡನ್ನಿನ ಕ್ಯೂ ಗಾರ್ಡನ್ಸ್ ಸಸ್ಯೋದ್ಯಾನದ ಆರ್. ಎ. ರೋಲ್ಫ್ ಇದನ್ನು 'ಪೋರ್ಪ್ಯಾಕ್ಸ್' ಕುಲಕ್ಕೆ ಸೇರಿಸಿದರು. ಪೋರ್ಪ್ಯಾಕ್ಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಗುರಾಣಿಯ ಹಿಡಿ. ಹಾಗಾಗಿ ಇಂದಿನ ಹೆಸರು ಪೋರ್ಪ್ಯಾಕ್ಸ್ ಜೆರ್ಡೋನಿಯಾನಾ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ.

ನಾನು ಮಾತ್ರ ಇದನ್ನು ಗುಂಡಿ ಸೀತಾಳೆ ಅನ್ನುತ್ತೇನೆ. ಅಂಗಿಯ ಗುಂಡಿಯ ಹಾಗೇ ಇದೆ, ಅಲ್ವಾ? ಇದು ನಾನೇ ಇಟ್ಟುಕೊಂಡ ಹೆಸರು. ಮಲೆನಾಡಿನಲ್ಲಿ ಸೀತಾಳೆ ಅಂದರೆ ಉದ್ದ ದಂಡೆಯಾಗಿ ಇಳಿಬೀಳುವ ನಸುಗೆಂಪು ಹೂವೇ ಎಲ್ಲರಿಗೂ ನೆನಪಾಗುವುದು. ಅದು ಮದುವಣಗಿತ್ತಿಯ ಜಡೆಗೆ ಮುಡಿಸುವಂಥದ್ದು. ಇದು ಭೂತಗನ್ನಡಿ ಹಿಡಿದು ಹುಡುಕುವಂಥದ್ದು.

ಇದನ್ನು ಹುಡುಕುವುದು, ಗುರುತಿಸುವುದು, ಬಿದ್ದಿದ್ದರೆ ಮತ್ತೆ ಮರಕ್ಕೆ ಸೇರಿಸುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ಮನೆಗೆ ತಂದು ಬೆಳೆಸುವುದು ಹೇಗೆ ಅಂತ ಹೇಳುವುದಿಲ್ಲ. ಕಾರಣ ಮುಂದೆ ಬರುತ್ತದೆ, ಅದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಇದೆ.

ಮೊದಲು: ಇದು ಬಂದಳಿಕೆ ಅಲ್ಲ

ಇದನ್ನು ತಲೆಯಿಂದ ತೆಗೆದುಹಾಕದೆ ಮುಂದೆ ಹೋಗುವಂತಿಲ್ಲ. ಆ ಕೊಂಬೆ ಕಡಿದ ಹುಡುಗ ನನ್ನನ್ನು ಕೇಳಿದ್ದೂ ಇದನ್ನೇ, "ಅಕ್ಕಾ, ಇದೆಲ್ಲ ಬಂದಳಿಕೆ ಅಲ್ವಾ? ಮರದ ಸತ್ವ ಎಲ್ಲ ಹೀರುತ್ತೆ. ಕೆರೆದು ಹಾಕೋದೇ ಒಳ್ಳೇದು."

ಬಂದಳಿಕೆ ಬೇರೆ ಜಾತಿ. ಅದರ ಬೇರು ತೊಗಟೆ ಕೊರೆದು ಒಳಗೆ ಹೋಗಿ ಮರದ ನೀರನ್ನೇ ಕದಿಯುತ್ತದೆ. ಸೀತಾಳೆಯ ಬೇರು ತೊಗಟೆಯ ಮೇಲೆ ಹರಡಿ ಅಂಟಿಕೊಳ್ಳುತ್ತದೆ, ಅಷ್ಟೇ. ನೀರು ಬರುವುದು ಮಳೆಯಿಂದ, ಮಂಜಿನಿಂದ. ಗೊಬ್ಬರ ಬರುವುದು ತೊಗಟೆಯ ಸಂದಿಯಲ್ಲಿ ಕೂತ ಕಸದಿಂದ, ಮೇಲಿನ ಎಲೆಗಳಿಂದ ತೊಟ್ಟಿಕ್ಕುವ ನೀರಿನಿಂದ. ಮರ ಇದಕ್ಕೆ ಊಟ ಹಾಕುವುದಿಲ್ಲ, ಜಾಗ ಮಾತ್ರ ಕೊಡುತ್ತದೆ.

ನಂಬಿಕೆ ಬರದಿದ್ದರೆ ಬಿದ್ದ ಕೊಂಬೆ ಸಿಕ್ಕಾಗ ಬೇರನ್ನೇ ನೋಡಿ. ಒಣಗಿದಾಗ ಬೂದು ಬೆಳ್ಳಿ ಬಣ್ಣ. ಎರಡು ಹನಿ ನೀರು ಹಾಕಿ, ಸ್ವಲ್ಪ ಹೊತ್ತಿನಲ್ಲಿ ಹಸಿರು ಕಾಣಿಸುತ್ತದೆ. ಬೇರಿನ ಸುತ್ತ ಸತ್ತ ಕೋಶಗಳ ಒಂದು ಸ್ಪಂಜಿನಂಥ ಹೊದಿಕೆ ಇರುತ್ತದೆ. ಒಣಗಿದ್ದಾಗ ಅದರಲ್ಲಿ ಗಾಳಿ ತುಂಬಿರುತ್ತದೆ, ಆಗ ಬೆಳ್ಳಗೆ ಕಾಣುತ್ತದೆ. ನೀರು ತುಂಬಿಕೊಂಡರೆ ಹೊದಿಕೆ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಮರದ ಮೇಲೆ ಬದುಕುವ ಸೀತಾಳೆಗಳ ಬೇರಿನ ಗುಟ್ಟೇ ಇದು. 2019ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣಾಲಯ ಪಟ್ಟಿ ಮಾಡಿದಾಗ ದೇಶದಲ್ಲಿ 1,256 ಜಾತಿಯ ಆರ್ಕಿಡ್‌ಗಳಿದ್ದವು. ಅದರಲ್ಲಿ 757 ಹೀಗೆ ಮರದ ಮೇಲಿರುವಂಥವು.

ಜೊತೆಗೆ ಏನೇನು ಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ. ಚಿನ್ನ ಬೆಳ್ಳಿ ಕೆಲಸದವರು ಕಣ್ಣಿಗೆ ಹಿಡಿಯುವಂಥದ್ದಾದರೆ ಇನ್ನೂ ಒಳ್ಳೆಯದು. ಮಿಲಿಮೀಟರ್ ಗೆರೆ ಇರುವ ಶಾಲೆಯ ಸ್ಕೇಲ್. ಪೆನ್ಸಿಲ್, ನೋಟ್‌ಬುಕ್. ಮಳೆಯಲ್ಲಿ ಪೆನ್ನಿನ ಶಾಯಿ ಹರಡಿ ಬರೆದದ್ದೆಲ್ಲ ಹೋಗುತ್ತದೆ, ಪೆನ್ಸಿಲ್ಲೇ ಇರಲಿ. ಬೈನಾಕ್ಯುಲರ್ ಇದ್ದರೆ ಮೇಲಿನ ಕೊಂಬೆ ನೋಡಬಹುದು. ಅದನ್ನೇ ತಿರುವುಮುರುವು ಮಾಡಿ, ಕಣ್ಣಿಡುವ ಕಡೆಯನ್ನು ಗಿಡದ ಹತ್ತಿರ ಹಿಡಿದು ಇನ್ನೊಂದು ಕಡೆಯಿಂದ ನೋಡಿದರೆ ಭೂತಗನ್ನಡಿಯೂ ಆಗುತ್ತದೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಮಾಡಿ ನೋಡಿ.

ಮತ್ತೆ ಉದ್ದ ಕಾಲುಚೀಲ, ಸ್ವಲ್ಪ ಉಪ್ಪು. ಯಾಕೆ ಅಂತ ಇಂಬಳ (ಜಿಗಣೆ) ಹತ್ತಿಸಿಕೊಂಡವರಿಗೆ ಹೇಳಬೇಕಾಗಿಲ್ಲ.

ಎಲ್ಲಿ ನೋಡಬೇಕು

ಕಾಡಿಗೇ ಹೋಗಬೇಕೆಂದಿಲ್ಲ. ಕೊಡಗು, ಚಿಕ್ಕಮಗಳೂರು ಕಡೆಯ ಹಳೆಯ ಕಾಫಿ ತೋಟಗಳಲ್ಲಿ, ಕಾಡುಮರಗಳ ನೆರಳನ್ನು ಇನ್ನೂ ಉಳಿಸಿಕೊಂಡಿರುವ ಕಡೆ, ನಿಮ್ಮ ತಲೆಯ ಮೇಲೇ ಇರಬಹುದು. ಹಳೆಯ ಮರ, ಒರಟು ತೊಗಟೆ, ಪಾಚಿ ಹಿಡಿದ ಅಡ್ಡಕೊಂಬೆ, ಇವು ಮೂರೂ ಕೂಡಿದ ಕಡೆ ಕಣ್ಣು ಹಾಯಿಸಿ. ಹಲಸು, ಮಾವು, ಅತ್ತಿ ಒಳ್ಳೆಯ ಮರಗಳು. ನಂದಿ ಮರದಲ್ಲಿ ಹುಡುಕುತ್ತಾ ಸಮಯ ಹಾಳು ಮಾಡಬೇಡಿ. ಅದು ತೊಗಟೆಯನ್ನು ಕಾಗದದ ಹಾಗೆ ಕಳಚಿಕೊಳ್ಳುತ್ತಲೇ ಇರುತ್ತದೆ. ಇಷ್ಟು ನಿಧಾನವಾಗಿ ಬೆಳೆಯುವ ಗಿಡ ಅಲ್ಲಿ ನೆಲೆ ನಿಲ್ಲುವುದು ಕಷ್ಟ. ನೀಲಗಿರಿ ಮರವೂ ಅಷ್ಟೇ.

ಮಾವು, ಹಲಸಿನ ಕೊಂಬೆಯಲ್ಲೂ ತೀರಾ ತುದಿಗೆ ಹೋಗಬೇಡಿ. ಕಾಂಡದಿಂದ ಹೊರಟು ಅರ್ಧ ದಾರಿಯವರೆಗೆ ಸಾಕು. ಅಲ್ಲಿ ಬೆಳಕು ಸೋಸಿ ಬೀಳುತ್ತದೆ, ತೊಗಟೆ ಹಳೆಯದಾಗಿ ಬಿರುಕು ಬಿಟ್ಟಿರುತ್ತದೆ, ಪಾಚಿ ನೀರು ಹಿಡಿದಿಟ್ಟಿರುತ್ತದೆ.

ಇನ್ನೊಂದು ಸುಲಭದ ದಾರಿ ಇದೆ. ಮೇಲೆ ನೋಡುವ ಬದಲು ಕೆಳಗೆ ನೋಡಿ. ಗಾಳಿಮಳೆ ಬಂದ ಮಾರನೆಯ ಬೆಳಗ್ಗೆ ತೋಟದ ದಾರಿಯಲ್ಲಿ ಸುಮ್ನೆ ಒಂದು ಸುತ್ತು ಬನ್ನಿ. ಬಿದ್ದ ಕೊಂಬೆಗಳನ್ನು ತಿರುಗಿಸಿ ನೋಡಿ. ನಾನು ಕಂಡ ಪುಟ್ಟ ಸೀತಾಳೆಗಳಲ್ಲಿ ಮುಕ್ಕಾಲು ಪಾಲು ಹೀಗೆ ನೆಲದಲ್ಲೇ ಸಿಕ್ಕಿದ್ದು.

ಯಾವಾಗ ನೋಡಬೇಕು

ಇದು ಎಲೆ ಉದುರಿಸುವ ಗಿಡ. ವರ್ಷದಲ್ಲಿ ಎರಡು ವೇಷ. ಒಂದೇ ಸಲ ನೋಡಿದರೆ ಅರ್ಧ ಗಿಡ ಮಾತ್ರ ನೋಡಿದ ಹಾಗೆ.

ಬೇಸಿಗೆಯಲ್ಲಿ ಬರೀ ಗುಂಡಿಗಳು. ಎಲೆ ಇಲ್ಲ, ಹೂ ಇಲ್ಲ. ಮೇಲೆ ಬಿಳಿಚಿದ ಬಲೆಯಂಥ ಒಂದು ಹೊದಿಕೆ. ಸತ್ತಿದೆ ಎಂದೇ ಅನ್ನಿಸುತ್ತದೆ. ಮುಂಗಾರು ಹಿಡಿದ ಮೇಲೆ ಗುಂಡಿ ಉಬ್ಬುತ್ತದೆ, ತಲೆಯಿಂದ ಎರಡು ಎಲೆ ಹೊರಡುತ್ತವೆ. ಮಳೆಗಾಲದಲ್ಲೇ ಹೂ ಬಿಡುತ್ತದೆ. ಯಾವ ವಾರ ಎಂಬುದು ನಿಮ್ಮ ಊರಿನ ಎತ್ತರ, ಆ ವರ್ಷದ ಮಳೆ ನೋಡಿಕೊಂಡು ಹಿಂದೆ ಮುಂದೆ ಆಗುತ್ತದೆ. ಪುನರ್ವಸು ಮಳೆಯಿಂದ ಶುರು ಮಾಡಿ ಅಕ್ಟೋಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಅದೇ ಕೊಂಬೆಯ ಹತ್ತಿರ ಹೋಗಿ ಬಂದರೆ ತಪ್ಪಿಸಿಕೊಳ್ಳುವ ಸಂಭವ ಕಡಿಮೆ.

ಆದರೆ ನನ್ನ ಸಲಹೆ ಬೇರೆ. ಕೊಂಬೆಯನ್ನು ಮೊದಲು ಬೇಸಿಗೆಯಲ್ಲೇ ಗುರುತು ಹಾಕಿಕೊಳ್ಳಿ. ಮಳೆಗಾಲದಲ್ಲಿ ಪಾಚಿ, ಜರಿಗಿಡ, ಎಲ್ಲ ಹಸಿರೋ ಹಸಿರು. ಅದರ ನಡುವೆ ಇಷ್ಟು ಸಣ್ಣ ಎಲೆ ಕಾಣಿಸುವುದೇ ಇಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಬಿಳಿ ಗುಂಡಿಗಳು ಕಪ್ಪು ತೊಗಟೆಯ ಮೇಲೆ ಎದ್ದು ಕಾಣುತ್ತವೆ.

ಗುಂಡಿಯಿಂದ ಹೂವಿನವರೆಗೆ: ಗುರುತು ಹಿಡಿಯುವ ಕ್ರಮ

ಇಲ್ಲಿ ನಿಧಾನ ಬೇಕು. ಹೂವಿನಿಂದ ಶುರು ಮಾಡಬೇಡಿ. ಹೂ ಇರುವುದು ಕೆಲವೇ ದಿನ, ಗುಂಡಿ ಇರುವುದು ವರ್ಷವಿಡೀ.

ಮೊದಲು ಗುಂಡಿಯ ಆಕಾರ ನೋಡಿ. ಪುಸ್ತಕಗಳಲ್ಲಿ ಇದಕ್ಕೆ ಹುಸಿಗಡ್ಡೆ ಅನ್ನುತ್ತಾರೆ. ಗೆಡ್ಡೆಯ ಹಾಗೆ ಕಂಡರೂ ಅದು ಉಬ್ಬಿಕೊಂಡ ಕಾಂಡ, ನೀರಿನ ಟ್ಯಾಂಕು ಅನ್ನಿ. ಬೇರೆ ಸೀತಾಳೆಗಳಲ್ಲಿ ಇದು ಮೊಟ್ಟೆಯ ಹಾಗೋ ಕಬ್ಬಿನ ಗಿಣ್ಣಿನ ಹಾಗೋ ಇರುತ್ತದೆ. ಪೋರ್ಪ್ಯಾಕ್ಸ್‌ನಲ್ಲಿ ಮಾತ್ರ ಮೇಲಿನಿಂದ ಅಂಗೈಯಲ್ಲಿ ಒತ್ತಿದ ಹಾಗೆ ಚಪ್ಪಟೆ. ಅಗಲ ಸುಮಾರು 1 ಸೆಂ.ಮೀ. ಆಚೆ ಈಚೆ. ಒಂದಕ್ಕೊಂದು ತಾಗಿಕೊಂಡು ಗುಂಪಾಗಿರುತ್ತವೆ. ಸ್ಕೇಲ್ ಪಕ್ಕದಲ್ಲಿ ಹಿಡಿದು ಐದಾರು ಗುಂಡಿಗಳ ಅಳತೆ ಬರೆದುಕೊಳ್ಳಿ. ಒಂದನ್ನೇ ಅಳೆದರೆ ಅದು ಮರಿಯೋ ಮುದಿಯೋ ಗೊತ್ತಾಗುವುದಿಲ್ಲ.

ಆಮೇಲೆ ಹೊದಿಕೆ. ಭೂತಗನ್ನಡಿ ಹಿಡಿಯಿರಿ. ಗುಂಡಿಯನ್ನು ಸುತ್ತಿರುವ ತೆಳು ಪೊರೆಯಲ್ಲಿ ಬಲೆಯಂಥ ನರಗಳು ಕಾಣುತ್ತವೆ. ಪೊರೆಯ ಮೆತ್ತಗಿನ ಭಾಗ ಕೊಳೆತು ಹೋಗಿ ನರಗಳ ಜಾಲರಿ ಮಾತ್ರ ಉಳಿದಿರುತ್ತದೆ. ಒಣಗಿ ಉದುರಿದ ಅರಳಿ ಎಲೆಯನ್ನು ಪುಸ್ತಕದಲ್ಲಿಟ್ಟು ಜಾಲರಿ ಮಾಡುತ್ತಿದ್ದೆವಲ್ಲ ಚಿಕ್ಕವರಿದ್ದಾಗ, ಹಾಗೇ. ಬೇಸಿಗೆಯಲ್ಲಿ ದೂರದಿಂದ ಬಿಳಿ ಚುಕ್ಕೆಯಂತೆ ಕಾಣುವುದು ಈ ಜಾಲರಿಯಿಂದಲೇ. ಅದನ್ನು ಉಗುರಿನಿಂದ ಎಬ್ಬಿಸಿ ನೋಡುವ ಆಸೆ ಆಗುತ್ತದೆ. ಬೇಡ.

ಮೂರನೆಯದು ಎಲೆ. ಲೆಕ್ಕ ಹಾಕಿ. ಒಂದು ಗುಂಡಿಗೆ ಎರಡೇ ಎಲೆ, ಎರಡೂ ಗುಂಡಿಯ ನೆತ್ತಿಯಿಂದ ಹೊರಟು ಎದುರುಬದುರು ಬಿಚ್ಚಿಕೊಂಡಿರುತ್ತವೆ. ಸ್ವಲ್ಪ ಮೊಟ್ಟೆಯಾಕಾರ. ಎರಡೂ ಸೇರಿ ಹರಡಿದರೂ ನಿಮ್ಮ ಎರಡು ಬೆರಳಿನ ಅಗಲ ತುಂಬಿದರೆ ಜಾಸ್ತಿ. ಅಂಚಿನಲ್ಲಿ ಕೂದಲು ಇದೆಯೋ ಇಲ್ಲವೋ, ಎಲೆಯ ಕೆಳಮೈ ಯಾವ ಬಣ್ಣ, ಇವನ್ನೂ ಬರೆದಿಡಿ. ಆಮೇಲೆ ತಿಳಿದವರಿಗೆ ತೋರಿಸುವಾಗ ಬೇಕಾಗುತ್ತದೆ.

ಕೊನೆಗೆ ಹೂವು. ಎರಡು ಎಲೆಗಳ ನಡುವಿನಿಂದಲೇ ಬರುತ್ತದೆ. ಉದ್ದ ತೊಟ್ಟಿಲ್ಲ, ಗೊಂಚಲಿಲ್ಲ. ಎಲೆಯ ಮಡಿಲಲ್ಲಿ ಕೂತ ಹಾಗೆ. ಬಣ್ಣ ಮಂಕು ಕೆಂಪು, ಹಂಚಿನ ಬಣ್ಣ ಎನ್ನಬಹುದು. ಸಾಮಾನ್ಯವಾಗಿ ಆರ್ಕಿಡ್ ಹೂವಿನಲ್ಲಿ ಹೊರಗೆ ಮೂರು ಪುಷ್ಪಪತ್ರ, ಒಳಗೆ ಎರಡು ಎಸಳು, ಜೊತೆಗೆ ತುಟಿ ಎನ್ನುವ ವಿಶೇಷ ಎಸಳು ಬಿಡಿಬಿಡಿಯಾಗಿ ಬಿಚ್ಚಿಕೊಂಡು ಕಾಣುತ್ತವೆ. ಇದರಲ್ಲಿ ಹೊರಗಿನ ಮೂರು ಪುಷ್ಪಪತ್ರಗಳು ಬಹುಪಾಲು ಒಂದಕ್ಕೊಂದು ಕೂಡಿಕೊಂಡು ಕೊಳವೆಯಾಗಿವೆ. ತುದಿ ಮಾತ್ರ ಬಿಚ್ಚಿರುತ್ತದೆ. ಎಸಳು, ತುಟಿ ಎಲ್ಲ ಆ ಕೊಳವೆಯ ಒಳಗೆ ಅಡಗಿ ಕೂತಿರುತ್ತವೆ. ಅದಕ್ಕೇ ಮೊದಲ ಸಲ ನೋಡಿದವರು "ಇದು ಆರ್ಕಿಡ್ ಹೇಗಾಗುತ್ತೆ?" ಅಂತ ಕೇಳುವುದು. ಒಳಗೆ ಹೋದರೆ ಆರ್ಕಿಡ್‌ನ ಎಲ್ಲ ಲಕ್ಷಣವೂ ಇದೆ. ಗಂಡು ಹೆಣ್ಣು ಭಾಗಗಳೆರಡೂ ಒಂದೇ ಕಂಬದಲ್ಲಿ ಸೇರಿವೆ. ಪರಾಗ ಪುಡಿಯಾಗಿರದೆ ಮುದ್ದೆಗಳಾಗಿದೆ, ಒಟ್ಟು ಎಂಟು ಮುದ್ದೆ.

ಇಷ್ಟಾದ ಮೇಲೆ ಇದು ಜೆರ್ಡೋನಿಯಾನಾ ಎಂದು ಬರೆದುಬಿಡಬಹುದಾ? ಇಲ್ಲ, ಸ್ವಲ್ಪ ತಾಳಿ. ನಮ್ಮ ಘಟ್ಟದಲ್ಲೇ ಇದರ ಅಣ್ಣನೋ ತಮ್ಮನೋ ಎನ್ನುವಂಥ ಇನ್ನೊಂದು ಇದೆ, ಪೋರ್ಪ್ಯಾಕ್ಸ್ ರೆಟಿಕ್ಯುಲೇಟಾ. ಅದಕ್ಕೂ ಇದೇ ಗುಂಡಿ, ಇದೇ ಜಾಲರಿ, ಇದೇ ಥರದ ಕೆಂಪು ಕೊಳವೆ. ಅದು ಘಟ್ಟಕ್ಕಷ್ಟೇ ಸೀಮಿತವಲ್ಲ, ಈಶಾನ್ಯ ಭಾರತದ ಕಡೆಯೂ ಇದೆ. ಎರಡನ್ನೂ ಸರಿಯಾಗಿ ಬೇರೆ ಮಾಡಬೇಕಾದರೆ ಕೊಳವೆಯ ಒಳಗಿನ ತುಟಿಯನ್ನು ನೋಡಬೇಕು. ಅಂದರೆ ಹೂ ಸೀಳಬೇಕು. ಒಂದು ಕೊಂಬೆಯಲ್ಲಿ ಇರುವುದೇ ಮೂರು ನಾಲ್ಕು ಹೂ. ನನ್ನ ಕೇಳಿದರೆ ಸುಮ್ನೆ 'ಪೋರ್ಪ್ಯಾಕ್ಸ್' ಎಂದಷ್ಟೇ ಬರೆದು ಅಲ್ಲಿಗೆ ನಿಲ್ಲಿಸುವುದು ಮರ್ಯಾದೆ. ಬಿದ್ದ ಹೂ ಸಿಕ್ಕರೆ ಸೀಳಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ಮೋಸ ಮಾಡುವ ನೆರೆಹೊರೆಯವರು

ಕಲ್ಲುಹೂವಿನ ವಿಚಾರ ಆಗಲೇ ಹೇಳಿದೆ. ಬೆರಳಿನಿಂದ ಮೆಲ್ಲಗೆ ಸವರಿದರೆ ಸಾಕು. ಕಲ್ಲುಹೂವು ತೊಗಟೆಗೆ ಮೆತ್ತಿದ ಹಾಗೆ ಇರುತ್ತದೆ. ಗುಂಡಿ ಸೀತಾಳೆಗೆ ದಪ್ಪ ಇದೆ, ಬೆರಳಿಗೆ ತಡೆಯುತ್ತದೆ.

ಇನ್ನೊಂದು ಪಿರೋಸಿಯಾ ಎಂಬ ಜರಿಗಿಡ. ತೋಟದ ಮರಗಳಲ್ಲಿ ಬೇಕಾದಷ್ಟು. ಉರುಟು ಉರುಟಾದ ದಪ್ಪ ಎಲೆಗಳು ನಾಣ್ಯ ಅಂಟಿಸಿದ ಹಾಗೆ ಸಾಲಾಗಿ ಹೋಗುತ್ತವೆ. ದೂರದಿಂದ ನಾನೂ ಹಲವು ಸಲ ಮೋಸ ಹೋಗಿದ್ದೇನೆ. ಹತ್ತಿರ ಹೋದರೆ ಎಲೆಗಳು ದಾರದಂಥ ಹಬ್ಬುವ ಕಾಂಡದಿಂದ ಹೊರಟಿರುವುದು ಕಾಣುತ್ತದೆ. ನಡುನಡುವೆ ಉದ್ದನೆಯ, ಕಿರಿದಾದ ಎಲೆಗಳೂ ಇರುತ್ತವೆ, ಅದರ ಬೆನ್ನಿಗೆ ಕಂದು ಬಣ್ಣದ ಬೀಜಕಣಗಳು. ಕೆಳಗೆ ಗುಂಡಿಯೂ ಇಲ್ಲ, ಜಾಲರಿಯೂ ಇಲ್ಲ.

ಸೀತಾಳೆಗಳಲ್ಲೇ ಹೀಗೆ ಮೋಸ ಮಾಡುವ ಮೂರು ಗುಂಪಿವೆ. ಓಬೆರೋನಿಯಾಗಳಿಗೆ ಗುಂಡಿಯೇ ಇರುವುದಿಲ್ಲ. ಎಲೆಗಳು ಬೀಸಣಿಗೆಯ ಹಾಗೆ ಒಂದರ ಪಕ್ಕ ಒಂದು ಜೋಡಿಸಿಕೊಂಡಿರುತ್ತವೆ, ಹೂಗೊಂಚಲು ಇಲಿಬಾಲದ ಹಾಗೆ. ಅದರ ಒಂದೊಂದು ಹೂವೂ ಒಂದೆರಡು ಮಿಲಿಮೀಟರ್ ಅಷ್ಟೇ. ಅದನ್ನು ನೋಡಿದ ಮೇಲೆ ಪೋರ್ಪ್ಯಾಕ್ಸ್ ಹೂವು ಕುಂಬಳದ ಹೂವಿನಷ್ಟು ದೊಡ್ಡದು ಅನ್ನಿಸುತ್ತದೆ! ಟ್ರಯಾಸ್ ಎಂದು ಕರೆಯುತ್ತಿದ್ದ ಗುಂಪಿಗೆ ಗುಂಡಿ ಇದೆ, ಆದರೆ ಉರುಟು, ಹಸಿರು ಮಣಿಯ ಹಾಗೆ, ಒಂದಕ್ಕೆ ಒಂದೇ ಎಲೆ.

ಮೂರನೆಯದು ಕೊಂಚ ಕಷ್ಟದ್ದು. ಕೊಂಚಿಡಿಯಂ ಎಂದು ಕರೆಯುತ್ತಿದ್ದಂಥವು. ಅವಕ್ಕೂ ಚಪ್ಪಟೆ ಗುಂಡಿ, ಜಾಲರಿ ಎರಡೂ ಇವೆ. ವ್ಯತ್ಯಾಸ ಹೂವಿನಲ್ಲಿ. ತೆಳ್ಳಗಿನ ತೊಟ್ಟಿನ ಮೇಲೆ ತಿಳಿ ಬಣ್ಣದ, ಬಿಚ್ಚಿಕೊಂಡ ಹೂವುಗಳು, ಕೊಳವೆಯಲ್ಲ. ತಮಾಷೆ ಏನು ಗೊತ್ತಾ? ಇತ್ತೀಚಿನ ವರ್ಷಗಳಲ್ಲಿ ಡಿಎನ್ಎ ನೋಡಿದವರು ಅವನ್ನೂ ಪೋರ್ಪ್ಯಾಕ್ಸ್ ಕುಲಕ್ಕೇ ಸೇರಿಸಿಬಿಟ್ಟಿದ್ದಾರೆ. ಹಾಗಾಗಿ ಹೂ ಇಲ್ಲದ ಗುಂಡಿ ನೋಡಿ ನೀವು 'ಪೋರ್ಪ್ಯಾಕ್ಸ್' ಅಂದರೆ ಈಗ ತಪ್ಪಾಗುವ ಸಾಧ್ಯತೆ ಮೊದಲಿಗಿಂತ ಕಡಿಮೆ.

ಫೋಟೋ ತೆಗೆಯುವಾಗ

ಐದು ಫೋಟೋ ಸಾಕು: ಇಡೀ ಮರ, ಕೊಂಬೆಯ ಗುಂಪು, ಸ್ಕೇಲ್ ಇಟ್ಟು ಒಂದು ಗುಂಡಿ, ಮೇಲಿನಿಂದ ಎಲೆ, ಪಕ್ಕದಿಂದ ಹೂ. ಎದುರಿನಿಂದ ಮಾತ್ರ ಹೂ ತೆಗೆದರೆ ಕೊಳವೆ ಎಷ್ಟು ಉದ್ದ ಎಂಬುದೇ ಗೊತ್ತಾಗುವುದಿಲ್ಲ. ಮೊಬೈಲ್ ಕ್ಯಾಮೆರಾದ ಮುಂದೆ ಭೂತಗನ್ನಡಿ ಒತ್ತಿ ಹಿಡಿದರೆ ಸಣ್ಣದೂ ಚೆನ್ನಾಗಿ ಬರುತ್ತದೆ. ಫ್ಲಾಶ್ ಬೇಡ, ಒದ್ದೆ ಎಲೆ ಹೊಳೆದು ಎಲ್ಲ ಬೆಳ್ಳಗಾಗುತ್ತದೆ.

ಗಿಡ, ಪ್ರಾಣಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣದಲ್ಲಿ ಹಾಕುವುದಾದರೆ ಜಾಗ ಮಸುಕು ಮಾಡುವ ಆಯ್ಕೆ ಒತ್ತಿ. ವಾಟ್ಸಾಪ್ ಗುಂಪಿನಲ್ಲಿ ಮರದ ಗುರುತು ಹೇಳಬೇಡಿ. ಆರ್ಕಿಡ್ ಅಂದ ಕೂಡಲೇ ಚೀಲ ಹಿಡಿದು ಬರುವವರು ಇದ್ದಾರೆ.

ಪುರುಸೊತ್ತಿದ್ದರೆ ಹೂವಿನ ಎದುರು ಅರ್ಧ ಗಂಟೆ ಅಲ್ಲಾಡದೆ ಕೂತು ನೋಡಿ. ಯಾವ ನೊಣ, ಯಾವ ಇರುವೆ, ಯಾವ ಹುಳ ಬಂತು, ಒಳಗೆ ಹೋಯಿತಾ, ಬೆನ್ನಿಗೆ ಏನಾದರೂ ಅಂಟಿಸಿಕೊಂಡು ಹೊರಬಂತಾ? ಬರೆದಿಡಿ. ಇದು ದುಡ್ಡಿಲ್ಲದೆ, ಪದವಿ ಇಲ್ಲದೆ ಮಾಡಬಹುದಾದ ಕೆಲಸ.

ಮನೆಗೆ ತರಬೇಡಿ ಅನ್ನುವುದು ಯಾಕೆ

ಈಗ ನನ್ನ ತಪ್ಪಿನ ಕಥೆ. ಆ ಆಗಸ್ಟ್‌ನಲ್ಲಿ ಹೂ ಬಿಟ್ಟ ಕೊಂಬೆಯಿಂದ ಒಂದು ಮೊಳ ಕತ್ತರಿಸಿ ಬೆಂಗಳೂರಿಗೆ ತಂದೆ. ಬಾಲ್ಕನಿಯಲ್ಲಿ ತೂಗುಹಾಕಿದೆ. ಡಿಸೆಂಬರ್‌ಗೆ ಎಲೆ ಹಳದಿಯಾಗಿ ಉದುರಿತು. ಗಾಬರಿಯಾಗಿ ದಿನಾ ಎರಡು ಹೊತ್ತು ನೀರು ಚಿಮುಕಿಸಿದೆ. ಸಂಕ್ರಾಂತಿ ಹೊತ್ತಿಗೆ ಗುಂಡಿಗಳು ಕಂದಾದವು. ಮುಟ್ಟಿದರೆ ಪಿಚಕ್ಕನೆ ಒಡೆಯುತ್ತಿದ್ದವು.

ಕೊಂದದ್ದು ಆ ನೀರೇ. ಎಲೆ ಉದುರಿದ ಮೇಲೆ ಗಿಡ ನಿದ್ದೆ ಹೋಗುತ್ತದೆ. ಗುಂಡಿಯಲ್ಲಿ ಕೂಡಿಟ್ಟ ನೀರಿನಲ್ಲೇ ನಾಲ್ಕೈದು ತಿಂಗಳು ಕಳೆಯುತ್ತದೆ. ಆಗ ಬೇರು ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ. ಮರದ ಮೇಲೆ ರಾತ್ರಿ ಇಬ್ಬನಿ ಬಿದ್ದು ಬೆಳಗ್ಗೆ ಆರಿಹೋಗುತ್ತದೆ, ಅಷ್ಟೇ ಸಾಕು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬೆಂಗಳೂರಿನ ಬಾಲ್ಕನಿಯ ಬಿಸಿಗಾಳಿ, ಕ್ಲೋರಿನ್ ನೀರು, ಮಲೆನಾಡಿನ ಮಳೆ ಇಲ್ಲದ ಜುಲೈ, ಇವುಗಳಲ್ಲಿ ಅದು ಎಷ್ಟು ದಿನ ಬಾಳುತ್ತಿತ್ತೋ.

ಇನ್ನೊಂದು ಕಾರಣ ಬೀಜದ್ದು. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರ ಸಾವಿರ ಬೀಜ ಇರುತ್ತದೆ, ಧೂಳಿನ ಹಾಗೆ. ರಾಗಿ ಕಾಳಿನಲ್ಲಿ ಮೊಳಕೆಗೆ ಬೇಕಾದ ಹಿಟ್ಟು ತುಂಬಿರುತ್ತದಲ್ಲ, ಅಂಥ ಬುತ್ತಿ ಇದರಲ್ಲಿ ಇಲ್ಲ. ಮೊಳೆಯಬೇಕಾದರೆ ಒಂದು ಶಿಲೀಂಧ್ರ ಬಂದು ಊಟ ಕೊಡಬೇಕು. ಇದನ್ನು 1899ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ನೋಯೆಲ್ ಬರ್ನಾರ್ಡ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಹಾಕಿದ ಅಗರ್ ಎಂಬ ಲೋಳೆಯ ಮೇಲೆ ಶಿಲೀಂಧ್ರ ಇಲ್ಲದೆಯೂ ಮೊಳೆಸಬಹುದು ಎಂದು ತೋರಿಸಿದರು. ನರ್ಸರಿಯಲ್ಲಿ ಸಿಗುವ ಆರ್ಕಿಡ್ ಇಷ್ಟು ಅಗ್ಗವಾಗಿರುವುದಕ್ಕೆ ಅಂಥ ಬಾಟಲಿ ಸಸಿಗಳೇ ಕಾರಣ. ಆದರೆ ಮರದ ಮೇಲೆ ಈಗಲೂ ಶಿಲೀಂಧ್ರವೇ ಗತಿ. ಒಂದು ಹಳೆಯ ಕೊಂಬೆ ಹೋದರೆ ಗಿಡದ ಜೊತೆ ಅಲ್ಲಿ ನೆಲೆಯೂರಿದ್ದ ಆ ಶಿಲೀಂಧ್ರವೂ ಹೋಗುತ್ತದೆ.

ಕಾನೂನಿನ ಮಾತೂ ಇದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಗಿಡ ತೆಗೆಯುವುದು 1972ರ ವನ್ಯಜೀವಿ ಕಾಯಿದೆಯಲ್ಲಿ ಅಪರಾಧ. ದೇಶದಾಚೆ ಸಾಗಿಸುವುದಾದರೆ ಇಡೀ ಆರ್ಕಿಡ್ ಕುಟುಂಬವೇ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಪಟ್ಟಿಯಲ್ಲಿದೆ. ಪುಟ್ಟ ಆರ್ಕಿಡ್ ಸಾಕಲೇಬೇಕು ಅನ್ನಿಸಿದರೆ ನರ್ಸರಿಯಲ್ಲಿ ಬಾಟಲಿಯಿಂದ ಬೆಳೆಸಿದ ಸಸಿ ಕೇಳಿ ತನ್ನಿ. ಅದು ಸತ್ತರೆ ನಿಮ್ಮ ದುಡ್ಡು ಹೋಯಿತು, ಅಷ್ಟೇ.

ಬಿದ್ದ ಕೊಂಬೆಯನ್ನು ಮತ್ತೆ ಮರಕ್ಕೆ ಕಟ್ಟುವುದು

ನೆಲಕ್ಕೆ ಬಿದ್ದ ಗಿಡ ಹಾಗೇ ಇದ್ದರೆ ಒಂದೆರಡು ಮಳೆಗಾಲದಲ್ಲಿ ಗೆದ್ದಲು, ಕೊಳೆ, ಎಲೆರಾಶಿಗೆ ಸಿಕ್ಕಿ ಮುಗಿದುಹೋಗುತ್ತದೆ. ನಿಮ್ಮದೇ ತೋಟದಲ್ಲಿ ಬಿದ್ದಿದ್ದರೆ ಹೀಗೆ ಮಾಡಿ.

ಗಿಡವನ್ನು ತೊಗಟೆಯಿಂದ ಕೀಳಬೇಡಿ. ಬೇರು ತೊಗಟೆಗೆ ಎಷ್ಟು ಗಟ್ಟಿಯಾಗಿ ಅಂಟಿರುತ್ತದೆ ಅಂದರೆ ಕಿತ್ತರೆ ಬೇರಿನ ಮೈಯೇ ಸುಲಿದು ಬರುತ್ತದೆ. ಗುಂಡಿಗಳಿರುವ ಭಾಗದ ಎರಡೂ ಕಡೆ ಒಂದು ಗೇಣು ಬಿಟ್ಟು ಗರಗಸದಿಂದ ಕೊಂಬೆಯನ್ನೇ ತುಂಡು ಮಾಡಿ. ಕತ್ತಿಯಲ್ಲಿ ಕಡಿದರೆ ಏಟಿಗೆ ಒಣ ತೊಗಟೆ ಹಾರಿಹೋಗುತ್ತದೆ. ಕೊಂಬೆ ತುಂಬ ದಪ್ಪ ಇದ್ದರೆ ಉದ್ದಕ್ಕೆ ಸೀಳಿ ಗಿಡ ಇರುವ ಹೋಳನ್ನಷ್ಟೇ ತೆಗೆದುಕೊಳ್ಳಿ.

ಮರ ಆರಿಸುವಾಗ ಅದೇ ಜಾತಿಯ ಮರ ಸಿಕ್ಕರೆ ಸರಿ, ಇಲ್ಲದಿದ್ದರೆ ಒರಟು ತೊಗಟೆಯ, ಪಾಚಿ ಇರುವ, ಮೊದಲಿನಷ್ಟೇ ನೆರಳಿರುವ ಮರ. ಮೇಲ್ಮುಖವಾಗಿದ್ದ ಬದಿ ಮತ್ತೆ ಮೇಲ್ಮುಖವಾಗಿಯೇ ಇರಲಿ. ತುಂಡು ಮರಕ್ಕೆ ಉದ್ದಕ್ಕೂ ತಾಗಿಕೊಂಡಿರಬೇಕು, ಗಾಳಿಗೆ ಅಲ್ಲಾಡಿದರೆ ಹೊಸ ಬೇರು ದಾಟುವುದೇ ಇಲ್ಲ.

ಕಟ್ಟಲು ಬಾಳೆ ನಾರು ಅಥವಾ ತೆಂಗಿನ ನಾರಿನ ಹಗ್ಗ. ನಾನು ಎರಡನ್ನೂ ಹಾಕುತ್ತೇನೆ. ಬಾಳೆ ನಾರು ಒಂದು ಮಳೆಗಾಲ, ತೆಂಗಿನದು ಎರಡು ಮೂರು ವರ್ಷ. ಕರೆಂಟಿನ ತಾಮ್ರದ ತಂತಿ ಬೇಡವೇ ಬೇಡ, ತಾಮ್ರ ಆರ್ಕಿಡ್ ಬೇರಿಗೆ ಆಗಿಬರುವುದಿಲ್ಲ. ನೈಲಾನ್ ದಾರ ಕಟ್ಟಿದರೆ ಬಿಚ್ಚಲು ಮರೆತು ಬಿಡುತ್ತೇವೆ, ಮರ ದಪ್ಪವಾದ ಹಾಗೆ ದಾರ ತೊಗಟೆಯೊಳಗೆ ಇಳಿಯುತ್ತದೆ. ಅಂಟು, ಮೊಳೆ ಯಾವುದೂ ಬೇಡ.

ಕಟ್ಟಲು ಒಳ್ಳೆಯ ಸಮಯ ಮುಂಗಾರು ಶುರುವಾಗುವಾಗ, ಮೃಗಶಿರಾ, ಆರಿದ್ರಾ ಮಳೆಯ ದಿನಗಳು. ಹೊಸ ಬೇರು ಬರುವ ಕಾಲ ಅದೇ. ಬೇಸಿಗೆಯಲ್ಲಿ ಬಿದ್ದರೂ ಕೂಡಲೇ ಕಟ್ಟಿ, ಆದರೆ ನೀರು ಹಾಕಬೇಡಿ. ನನ್ನ ಬಾಲ್ಕನಿ ನೆನಪಿರಲಿ.

ತೋಟದವರಿಗೆ ಇನ್ನೊಂದು ಮಾತು. ಕಾಫಿಗೂ ಮೆಣಸಿಗೂ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರವೇ. ಶಿಲೀಂಧ್ರ ಕೊಲ್ಲಲೆಂದೇ ಹೊಡೆಯುವುದು ಅದು. ನಮಗೆ ಬೇಕಾದ ಶಿಲೀಂಧ್ರ, ಬೇಡದ ಶಿಲೀಂಧ್ರ ಎಂಬ ಭೇದ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಮೆಣಸಿನ ಬಳ್ಳಿ ಹಬ್ಬಿಸಿದ ಮರಕ್ಕೆ ಈ ತುಂಡು ಕಟ್ಟಬೇಡಿ. ಬೇಲಿ ಸಾಲಿನ ಮರ, ಹಳ್ಳದ ಬದಿಯ ಮರ, ದೇವರ ಬನದ ಅಂಚಿನ ಮರ ಆರಿಸಿ.

ಆಮೇಲೆ ಕಾಯುವುದು

ಮರಗಸಿಗೆ ಮೊದಲು ಆ ಕೊಂಬೆಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿ, ಏಣಿ ಹತ್ತುವವರಿಗೆ ಬಾಯಿಬಿಟ್ಟು ಹೇಳಿ. ಬಟ್ಟೆ ಕಟ್ಟಿ ಹೇಳದೆ ಹೋದರೆ 'ಇದನ್ನೇ ಕಡಿಯಬೇಕು' ಎಂಬ ಗುರುತು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಒಂದು ಸಲ ಹಾಗೇ ಆಯಿತು.

ಕಟ್ಟಿದ ವರ್ಷ ಹೂ ಬರದಿದ್ದರೆ ಬೇಜಾರು ಬೇಡ. ನೋಡಬೇಕಾದ್ದು ಹಳೆಯ ಗುಂಡಿಯ ಪಕ್ಕದಲ್ಲಿ ಹೊಸ ಗುಂಡಿ ಬಂದಿದೆಯಾ ಎಂಬುದನ್ನು. ಹೊಸತು ಯಾವಾಗಲೂ ಬುಡದ ಪಕ್ಕದಿಂದಲೇ ಬರುತ್ತದೆ, ಮೊದಲು ಸಾಸಿವೆಯಷ್ಟು, ಮಳೆಗಾಲ ಮುಗಿಯುವ ಹೊತ್ತಿಗೆ ಹೆಸರುಕಾಳಿಗಿಂತ ದೊಡ್ಡದು. ಸುಕ್ಕುಗಟ್ಟಿದ, ಮತ್ತೆಂದೂ ಎಲೆ ಬಿಡದ ಹಳೆಯ ಗುಂಡಿಗಳನ್ನು ಕಿತ್ತು ಸ್ವಚ್ಛ ಮಾಡಬೇಡಿ. ಹೊಸದಕ್ಕೆ ನೀರು ಅಲ್ಲಿಂದಲೇ ಹೋಗುತ್ತಿರುತ್ತದೆ. ಬೇರು ತುಂಡಿನಿಂದ ಮರದ ತೊಗಟೆಗೆ ದಾಟಿದೆಯಾ ಅಂತ ಎರಡನೆಯ ಮಳೆಗಾಲದಲ್ಲಿ ನೋಡಿ, ದಾಟಿದ್ದರೆ ಹಗ್ಗದ ಚಿಂತೆ ಬಿಡಿ.